ಕೈಯಲ್ಲೇ ಮಾತಾಡುವ ಕೋಚ್

ಅಮೆರಿಕದ ಊರೂರಲ್ಲೂ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುವವರಲ್ಲಿ ಬಹಳಷ್ಟು ಮಂದಿ ಹಗಲು ಬೇರೆ ಉದ್ಯೋಗದಲ್ಲಿರುವವರು. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಇಂಥ ಸ್ವಯಂಸೇವಕರ ಬಲದಿಂದಲೇ ನಡೆಯುತ್ತದೆ. ಕಂಪನಿಯ ಪತ್ರ, ವರದಿ, ಪ್ರಕಟಣೆಗಳನ್ನು ಬರೆಯುವ ಕಸುಬಿನವರು ಈ ಆಟಕ್ಕೆ ಕೋಚ್ ಆಗಿ ಬಂದರೆ ಅವರಿಗೆ ಹೊಸ ಜಾಗವೆನಿಸಲಿಕ್ಕಿಲ್ಲ. ಹೇಳಬೇಕಾದದ್ದು ತಲುಪಬೇಕಾದವರಿಗೆ, ಹೊತ್ತಿಗೆ ಸರಿಯಾಗಿ, ತಪ್ಪಿಲ್ಲದೆ ತಲುಪಬೇಕು ಎಂಬುದೇ ಎರಡೂ ಕಡೆಯ ಕೆಲಸ. ಅದರ ಅತ್ಯುತ್ತಮ ಮಾದರಿ ಮೂರನೇ ಬೇಸಿನ ಪಕ್ಕ ನಿಲ್ಲುವ ಕೋಚ್.

ಎಸೆತಗಳ ನಡುವೆ ಅವರು ಟೋಪಿ, ಮೂಗು, ಎದೆ, ಬೆಲ್ಟು, ತೋಳು ಹೀಗೆ ಸರಸರನೆ ಮುಟ್ಟಿಕೊಳ್ಳುತ್ತಾರೆ. ಕ್ರಿಕೆಟ್ ಅಂಪೈರ್ ತೋಳು ಚಾಚಿದರೆ ಅದು ಇಡೀ ಮೈದಾನಕ್ಕೆ ತಿಳಿಯಬೇಕು. ಈ ಕೋಚ್‌ನ ಸನ್ನೆಯೂ ಎಲ್ಲರಿಗೂ ಕಾಣುತ್ತದೆ, ಆದರೆ ತನ್ನ ಬ್ಯಾಟರ್‌ಗೆ, ಓಟಗಾರನಿಗೆ ಮಾತ್ರ ತಿಳಿಯಬೇಕು.

ಒಂದು ಉದಾಹರಣೆ ನೋಡೋಣ. ಟೋಪಿ ಮುಟ್ಟಿದರೆ ಬಂಟ್, ಅಂದರೆ ಬ್ಯಾಟನ್ನು ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು. ಎದೆ ಮುಟ್ಟಿದರೆ ಸ್ಟೀಲ್, ಅಂದರೆ ಹೊಡೆತಕ್ಕೆ ಕಾಯದೆ ಓಟಗಾರ ಮುಂದಿನ ಬೇಸ್‌ಗೆ ನುಗ್ಗುವುದು. ಇವೆರಡರ ಜೊತೆಗೆ ಒಂದು ಕೀಲಿ ಇರುತ್ತದೆ. ಬೆಲ್ಟು ಕೀಲಿ ಎಂದಿಟ್ಟುಕೊಳ್ಳಿ. ಬೆಲ್ಟು ಮುಟ್ಟಿದ ಕೂಡಲೇ ಬರುವ ಸನ್ನೆಯೊಂದೇ ನಿಜ, ಉಳಿದದ್ದೆಲ್ಲ ತೋರಿಕೆ. ಕೋಚ್ ಮೂಗು, ಟೋಪಿ, ತೋಳು, ಬೆಲ್ಟು, ಎದೆ, ಟೋಪಿ ಮುಟ್ಟಿದರೆ ಆಜ್ಞೆ ಸ್ಟೀಲ್. ಕೊನೆಗೆ ತೋಳನ್ನು ಒರೆಸಿಕೊಂಡರೆ ಹೇಳಿದ್ದೆಲ್ಲ ರದ್ದು ಎಂದೂ ಗೊತ್ತುಮಾಡಿಕೊಂಡಿರುತ್ತಾರೆ. ಎದುರಾಳಿಗೆ ಗುಟ್ಟು ತಿಳಿಯಿತೆಂಬ ಅನುಮಾನ ಬಂದರೆ ಕೀಲಿ ಬದಲಿಸಿದರೆ ಸಾಕು, ಸನ್ನೆಗಳನ್ನು ಹೊಸದಾಗಿ ಕಲಿಸಬೇಕಿಲ್ಲ.

ಸನ್ನೆ ಓದುವವನಿಗೂ ಇಲ್ಲಿ ಶಿಸ್ತು ಬೇಕು. ನಿಜವಾದ ಸನ್ನೆ ಸಿಕ್ಕಿತೆಂದು ಬ್ಯಾಟರ್ ಅಲ್ಲೇ ಮುಖ ತಿರುಗಿಸಿದರೆ, ಯಾವುದು ನಿಜವೆಂದು ಎದುರಾಳಿಗೂ ತಿಳಿದುಹೋಗುತ್ತದೆ. ಹಾಗಾಗಿ ಕೊನೆಯವರೆಗೂ ನೋಡಲು ಕಲಿಸುತ್ತಾರೆ. ಅರ್ಥವಾಗದಿದ್ದರೆ ಬ್ಯಾಟರ್ ಮತ್ತೊಮ್ಮೆ ತೋರಿಸುವಂತೆ ಕೋರಬಹುದು. ಒಳ್ಳೆಯ ಕೋಚ್ ಅದಕ್ಕೆ ಸಿಡುಕುವುದಿಲ್ಲ. ಮಕ್ಕಳ ತಂಡವಾದರೆ ಎರಡು ಮೂರು ಸನ್ನೆಗಳಿಗೇ ನಿಲ್ಲಿಸುತ್ತಾರೆ. ತಂಡದಲ್ಲಿ ಗಮನ ಕಡಿಮೆಯಿರುವ ಹುಡುಗನಿಗೂ ತಿಳಿದರೆ ಮಾತ್ರ ಆ ಸನ್ನೆಗೆ ಬೆಲೆ.

ಚೆಂಡು ಹೊಡೆದ ಮೇಲೆ ಗುಟ್ಟಿನ ಅಗತ್ಯ ಮುಗಿಯುತ್ತದೆ, ಸ್ಪಷ್ಟತೆಯೊಂದೇ ಉಳಿಯುತ್ತದೆ. ಎರಡನೇ ಬೇಸಿನಿಂದ ಓಡಿಬರುವವನಿಗೆ ಬೆನ್ನ ಹಿಂದಿನ ಚೆಂಡು ಕಾಣದು, ಅವನಿಗೆ ಕಣ್ಣು ಕೋಚೇ. ತೋಳನ್ನು ಗಿರಗಿರನೆ ತಿರುಗಿಸಿದರೆ ಓಟ ಪೂರ್ಣವಾಗುವ ಹೋಮ್‌ಗೆ ಓಡು, ಎರಡೂ ಕೈ ಮೇಲೆತ್ತಿದರೆ ನಿಲ್ಲು. ದೊಡ್ಡವರ ಆಟದಲ್ಲಿ ಮೂರನೇ ಬೇಸಿನಿಂದ ಹೋಮ್‌ಗೆ ಇರುವ ದೂರ 90 ಅಡಿ. ಚೆಂಡು ಹಿಡಿದವನ ತೋಳಿನ ಬಲವೆಷ್ಟು, ಓಟಗಾರನ ವೇಗವೆಷ್ಟು, ಎಷ್ಟು ಮಂದಿ ಔಟಾಗಿದ್ದಾರೆ, ಮುಂದಿನ ಬ್ಯಾಟರ್ ಯಾರು ಎಂಬುದನ್ನೆಲ್ಲ ಕ್ಷಣದಲ್ಲಿ ತೂಗಬೇಕು. ಓಟಗಾರನಿಗೆ ಇನ್ನಷ್ಟು ಹೊತ್ತು ಕಾಣಲೆಂದು, ಯೋಚಿಸಲು ತನಗೂ ಸಮಯ ಸಿಗಲೆಂದು ಕೋಚ್ ಹೋಮ್ ಕಡೆಗೆ ಸರಿದು ನಿಲ್ಲುತ್ತಾರೆ. ಅವರ ಲೆಕ್ಕ ತಪ್ಪಿ ಓಟಗಾರ ಔಟಾದರೆ ಊರೆಲ್ಲ ಬೈಯುತ್ತದೆ. ಸರಿಯಾದರೆ ಹೊಗಳಿಕೆ ಓಟಗಾರನ ಪಾಲು.

ಬರಿಗಣ್ಣಿನಲ್ಲಿ ಎದುರಾಳಿಯ ಸನ್ನೆ ಓದುವುದು ಆಟದ ಭಾಗವೇ. ಆದರೆ 2017ರಲ್ಲಿ ವೃತ್ತಿಪರ ಆಟದ ಹ್ಯೂಸ್ಟನ್ ಆಸ್ಟ್ರೋಸ್ ತಂಡ, ಬ್ಯಾಟರ್ ಹಿಂದೆ ಕೂರುವ ಎದುರಾಳಿ ಕ್ಯಾಚರ್ ಚೆಂಡೆಸೆಯುವ ಪಿಚರ್‌ಗೆ ಕೊಡುವ ಸನ್ನೆಯನ್ನು ಕ್ಯಾಮೆರಾ ಮೂಲಕ ಕದ್ದು, ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸಿತು. 2020ರಲ್ಲಿ 50 ಲಕ್ಷ ಡಾಲರ್ ದಂಡ ತೆತ್ತಿತು. 2022ರಿಂದ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಕ್ಯಾಚರ್ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ಧ್ವನಿ ಕೇಳಿಸುವ ಪಿಚ್‌ಕಾಮ್ ಬಂದಿದೆ. ಅಲ್ಲಿ ಬ್ಯಾಟರ್‌ಗೆ ಹೋಗುವ ಸಂದೇಶ ಮಾತ್ರ ಇಂದಿಗೂ ಕೋಚ್‌ನ ಕೈಯಲ್ಲೇ ಇದೆ.

ಹೆಚ್ಚು ಹೇಳಿದವರನ್ನೇ ಒಳ್ಳೆಯ ಮಾತುಗಾರರೆಂದು ನಾವು ಎಣಿಸುವುದುಂಟು. ಒಂದು ಮಾತೂ ಆಡದೆ ಇಡೀ ತಂಡವನ್ನು ನಡೆಸುವ ಈ ಕೋಚ್‌ಗಳನ್ನೂ ಆ ಸಾಲಿಗೆ ಸೇರಿಸಬೇಕು. ಬೇಸ್‌ಬಾಲ್ ಪಂದ್ಯ ನೋಡುವ ಅವಕಾಶ ಸಿಕ್ಕಾಗ ಪಿಚರ್‌ನಿಂದ ಕಣ್ಣು ತೆಗೆದು ಮೂರನೇ ಬೇಸಿನ ಕಡೆ ಒಂದಿಷ್ಟು ಹೊತ್ತು ನೋಡಿ.