ಡಾಕ್ಟರ್ ಚೀಟಿಯಲ್ಲಿ ‘ಎಫ್32’ ಅಂತಿದ್ರೆ ಏನರ್ಥ? ಮಾನಸಿಕ ಕಾಯಿಲೆಗಳನ್ನ ವಿಂಗಡಿಸೋದು ಹೀಗೆ

 

ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ವಯಸ್ಸು 23. “ಅಣ್ಣಾ, ಮನೋವೈದ್ಯರ ಹತ್ರ ಹೋಗಿದ್ದೆ. ಚೀಟಿಯಲ್ಲಿ ಎಫ್32 ಅಂತ ಬರೆದಿದ್ದಾರೆ. ಅದೇನು ಅಂತ ಹುಡುಕೋಕೂ ಭಯ. ನಾನು ಸರಿ ಇಲ್ವಾ?”

ನಾನು ಓದಿರೋದು ಬಿ.ಕಾಂ, ಡಾಕ್ಟರ್ ಅಲ್ಲ. ಆದ್ರೆ ಈ ಪ್ರಶ್ನೆಗೆ ಉತ್ತರ ಸಾರ್ವಜನಿಕವಾಗಿಯೇ ಇದೆ. ಎಫ್32 ಅಂದ್ರೆ ಖಿನ್ನತೆಯ ಒಂದು ಅವಧಿ, ಡಿಪ್ರೆಸಿವ್ ಎಪಿಸೋಡ್. ‘ಎಪಿಸೋಡ್’ ಅನ್ನೋ ಪದ ಗಮನಿಸಿ. ಸದ್ಯ ನಿಮಗೇನಾಗ್ತಿದೆ ಅನ್ನೋದಕ್ಕೆ ಮಾತ್ರ ಆ ಕೋಡ್. ಚಿಕಿತ್ಸೆಯಿಂದ ಬಹಳಷ್ಟು ಜನ ಇದರಿಂದ ಹೊರಗೆ ಬರ್ತಾರೆ.

ಹಾಗಾದ್ರೆ ಈ ಕೋಡ್‌ಗಳು ಎಲ್ಲಿಂದ ಬಂದವು? ಯಾರು ಬರೆದ್ರು? ಎಷ್ಟರ ಮಟ್ಟಿಗೆ ನಂಬಬಹುದು? ಇವತ್ತಿನ ಮಾತು ಅದೇ.

ಗೆರೆ ಎಲ್ಲಿದೆ?

ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಬರಲ್ಲ. ಬ್ರೇಕಪ್ ಆದ್ರೆ ಊಟ ಸೇರಲ್ಲ. ಅಜ್ಜಿ ತೀರಿಕೊಂಡ್ರೆ ತುಂಬಾ ದಿನ ಮನಸ್ಸು ಭಾರ. ಇಷ್ಟಕ್ಕೇ ಇದನ್ನ ಕಾಯಿಲೆ ಅನ್ನೋಕಾಗಲ್ಲ.

ವೈದ್ಯರು ಮುಖ್ಯವಾಗಿ ಕೇಳೋದು ಮೂರು. ಎಷ್ಟು ದಿನದಿಂದ ಇದೆ? ಎಷ್ಟು ತೀವ್ರವಾಗಿದೆ? ಓದು, ಕೆಲಸ, ಸಂಬಂಧ, ದಿನಚರಿಗೆ ಅಡ್ಡಿ ಆಗ್ತಿದೆಯಾ?

ಖಿನ್ನತೆಯನ್ನೇ ತಗೊಳ್ಳಿ. ಅಮೆರಿಕದ ಡಿಎಸ್ಎಂ-5 ಕೈಪಿಡಿ 9 ಲಕ್ಷಣ ಪಟ್ಟಿ ಮಾಡುತ್ತೆ: ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಹಸಿವು ಅಥವಾ ತೂಕದಲ್ಲಿ ಬದಲಾವಣೆ, ನಿದ್ದೆಯಲ್ಲಿ ಏರುಪೇರು, ಮೈಮನಸ್ಸು ನಿಧಾನವಾಗೋದು ಅಥವಾ ಚಡಪಡಿಕೆ, ಸುಸ್ತು, ತಾನು ನಿಷ್ಪ್ರಯೋಜಕ ಅನ್ನೋ ಭಾವನೆ, ಗಮನ ನಿಲ್ಲದಿರೋದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ 5, ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನಾ ಇರಬೇಕು. ಮೊದಲ ಎರಡರಲ್ಲಿ ಒಂದಾದ್ರೂ ಇರಲೇಬೇಕು. ಭಾನುವಾರ ಸಂಜೆಯ ಬೇಜಾರು ಇದರೊಳಗೆ ಬರಲ್ಲ.

ಎಚ್ಎಸ್ಎನ್ ಕೋಡ್ ಇದ್ದ ಹಾಗೆ

ಕಾಮರ್ಸ್ ಓದಿದವರಿಗೆ ಇದು ಸುಲಭ. ಜಿಎಸ್‌ಟಿ ಬಿಲ್‌ನಲ್ಲಿ ಎಚ್ಎಸ್ಎನ್ ಕೋಡ್ ಇರುತ್ತಲ್ಲ? ಮಂಗಳೂರಿನ ಅಂಗಡಿಯವರು ಹಾಕಿದ್ರೂ ಕಲಬುರಗಿಯವರು ಹಾಕಿದ್ರೂ ಒಂದು ವಸ್ತುವಿಗೆ ಒಂದೇ ಕೋಡ್. ಕಾಯಿಲೆಗಳಿಗೂ ಅಂಥದ್ದೊಂದು ಪಟ್ಟಿ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಮಲೇರಿಯಾ, ಮೂಳೆ ಮುರಿತ, ಖಿನ್ನತೆ ಎಲ್ಲವೂ ಅದರಲ್ಲೇ ಇವೆ.

ಐಸಿಡಿಯ 10ನೇ ಆವೃತ್ತಿಯಲ್ಲಿ ಮಾನಸಿಕ ಕಾಯಿಲೆಗಳಿಗೆ ‘ಎಫ್’ ಅಕ್ಷರ. ಎಫ್10 ಮದ್ಯದ ಸಮಸ್ಯೆ, ಎಫ್20 ಸ್ಕಿಜೋಫ್ರೇನಿಯಾ, ಎಫ್31 ಬೈಪೋಲಾರ್, ಎಫ್41 ಆತಂಕ, ಎಫ್42 ಗೀಳು ಅಂದ್ರೆ ಓಸಿಡಿ. 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಖಿನ್ನತೆಯ ಮೊದಲ ಅವಧಿಗೆ ಕೋಡ್ 6ಎ70. ಕೋಡ್ ಬದಲಾಯ್ತು ಅಂತ ಗಾಬರಿ ಬೇಡ.

ಇದರ ಉಪಯೋಗ? ನೀವು ಊರು ಬದಲಾಯಿಸಿದ್ರೆ ಹೊಸ ಡಾಕ್ಟರ್‌ಗೆ ಒಂದೇ ಸಾಲಲ್ಲಿ ವಿಷಯ ಗೊತ್ತಾಗುತ್ತೆ. ಯಾವ ಚಿಕಿತ್ಸೆ ಯಾವುದಕ್ಕೆ ಕೆಲಸ ಮಾಡುತ್ತೆ ಅಂತ ಸಂಶೋಧನೆ ಮಾಡಬಹುದು. ಇನ್ಶೂರೆನ್ಸ್ ಕ್ಲೇಮ್‌ಗೂ ಬೇಕಾಗುತ್ತೆ.

ಇಬ್ಬರು ಡಾಕ್ಟರ್, ಎರಡು ಹೆಸರು

ಈಗ ತೊಡಕಿನ ವಿಷಯ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಖಿನ್ನತೆಯನ್ನ ಖಚಿತಪಡಿಸೋ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಾತಾಡಿ, ಗಮನಿಸಿ, ಹಿನ್ನೆಲೆ ಕೇಳಿಯೇ ತಿಳ್ಕೋಬೇಕು. ಥೈರಾಯ್ಡ್ ಕಡಿಮೆ ಇದ್ರೂ ಸುಸ್ತು, ಬೇಜಾರು ಬರುತ್ತೆ. ಡಾಕ್ಟರ್ ರಕ್ತ ಪರೀಕ್ಷೆ ಬರೆದುಕೊಟ್ರೆ ಅಂಥ ಕಾರಣ ಇದೆಯಾ ಅಂತ ನೋಡೋಕೆ.

1960ರ ದಶಕದಲ್ಲಿ ಒಂದು ವಿಚಿತ್ರ ಕಂಡುಬಂತು. ನ್ಯೂಯಾರ್ಕ್ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಜಾಸ್ತಿ, ಲಂಡನ್‌ನಲ್ಲಿ ಮೂಡ್‌ಗೆ ಸಂಬಂಧಿಸಿದ ಕಾಯಿಲೆ ಜಾಸ್ತಿ. ಸಂಶೋಧಕರು ಎರಡೂ ಕಡೆಯ ರೋಗಿಗಳನ್ನ ಒಂದೇ ಅಳತೆಗೋಲಲ್ಲಿ ನೋಡಿದಾಗ ಆ ವ್ಯತ್ಯಾಸ ಬಹುಪಾಲು ಮಾಯ. ರೋಗಿಗಳಿಗಿಂತ ಡಾಕ್ಟರ್‌ಗಳು ಹೆಸರಿಡೋ ಪದ್ಧತಿಯಲ್ಲೇ ಹೆಚ್ಚು ವ್ಯತ್ಯಾಸ ಇತ್ತು. 1980ರ ಡಿಎಸ್ಎಂ-3ರಲ್ಲಿ ‘ಇಷ್ಟು ಲಕ್ಷಣ, ಇಷ್ಟು ದಿನ’ ಅನ್ನೋ ಸ್ಪಷ್ಟ ನಿಯಮ ಬಂದಿದ್ದು ಇಂಥ ಗೊಂದಲ ಕಡಿಮೆ ಮಾಡೋಕೆ.

ಆದ್ರೆ ಇಬ್ಬರು ಆಡಿಟರ್‌ಗಳ ಲೆಕ್ಕ ಒಂದೇ ಬಂತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಇಬ್ಬರೂ ಒಂದೇ ತಪ್ಪು ಮಾಡಿರಬಹುದು.

ಉದಾಹರಣೆ ಬೇಕಾ? ಸಲಿಂಗಕಾಮವನ್ನ ಒಂದು ಕಾಲದಲ್ಲಿ ಇದೇ ಪಟ್ಟಿಗಳಲ್ಲಿ ಕಾಯಿಲೆ ಅಂತ ಬರೆದಿದ್ರು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಅದನ್ನ ತೆಗೆಯಲು ತೀರ್ಮಾನಿಸಿದ್ದು 1973ರಲ್ಲಿ. ಐಸಿಡಿಯಿಂದ ತೆಗೆಯೋಕೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಪಟ್ಟಿ ಬರೆದವರು ಮನುಷ್ಯರು, ತಿದ್ದಿದವರೂ ಮನುಷ್ಯರು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಇದನ್ನ ಗಮನದಲ್ಲಿ ಇಟ್ಟುಕೊಂಡಿದೆ. ಐಸಿಡಿಯಂಥ ಒಪ್ಪಿತ ಮಾನದಂಡದ ಮೇಲೆ ಮಾತ್ರ ಕಾಯಿಲೆ ನಿರ್ಧರಿಸಬೇಕು ಅನ್ನುತ್ತೆ. ಜಾತಿ, ಧರ್ಮ, ರಾಜಕೀಯ ನಿಲುವು ನೋಡಿ, ಅಥವಾ ಸಮಾಜದ ಕಟ್ಟುಪಾಡು ಒಪ್ಪಲಿಲ್ಲ ಅಂತ ಯಾರನ್ನೂ ಮಾನಸಿಕ ರೋಗಿ ಅನ್ನೋ ಹಾಗಿಲ್ಲ. ಕಾಯಿಲೆ ಇದೆ ಅಂದ ಮಾತ್ರಕ್ಕೆ ‘ಬುದ್ಧಿ ಸ್ವಾಧೀನದಲ್ಲಿಲ್ಲ’ ಅಂತಲೂ ಅರ್ಥವಲ್ಲ, ಅದನ್ನ ಕೋರ್ಟ್ ಹೇಳಬೇಕು. ಮೈ ಕಾಯಿಲೆಗೆ ಸಿಗೋ ಹಾಗೇ ಇದಕ್ಕೂ ಆರೋಗ್ಯ ವಿಮೆ ಸಿಗಬೇಕು ಅಂತ 21ನೇ ಸೆಕ್ಷನ್‌ನಲ್ಲಿದೆ.

ರೀಲ್ಸ್ ನೋಡಿ ಹೆಸರಿಟ್ಕೋಬೇಡಿ

“ನಂಗೆ ಟೇಬಲ್ ನೀಟಾಗಿರಬೇಕು, ನಂಗೆ ಓಸಿಡಿ” ಅಂತ ನಮ್ಮ ನಡುವೆ ಸಲೀಸಾಗಿ ಹೇಳ್ತೀವಿ. ನಿಜವಾದ ಓಸಿಡಿಯಲ್ಲಿ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗುತ್ತೆ. ಅದನ್ನ ತಣಿಸೋಕೆ ಕೈ ತೊಳೆಯೋದು, ಬೀಗ ನೋಡೋದು, ಎಣಿಸೋದು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಅದಕ್ಕೇ ಹೋಗುತ್ತೆ, ಇಲ್ಲಾ ಬದುಕೇ ಕಷ್ಟವಾಗುತ್ತೆ. ಆ ಕಷ್ಟದಲ್ಲಿರೋರಿಗೆ ನಮ್ಮ ತಮಾಷೆ ಹೇಗೆ ಕೇಳಿಸುತ್ತೆ ಯೋಚಿಸಿ.

ಇನ್ನೊಂದು ಗಂಭೀರ ವಿಷಯ. ಬೈಪೋಲಾರ್ ಇರೋರು ಎಷ್ಟೋ ಸಲ ಡಾಕ್ಟರ್ ಹತ್ರ ಬರೋದು ಮನಸ್ಸು ಕುಗ್ಗಿದಾಗಲೇ. ಮೇಲ್ನೋಟಕ್ಕೆ ಅದು ಬರೀ ಖಿನ್ನತೆ ಥರ ಕಾಣುತ್ತೆ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ರೆ ಕೆಲವರಲ್ಲಿ ಮನಸ್ಸು ವಿಪರೀತ ಏರಿಬಿಡಬಹುದು. ಹಿಂದೆ ಯಾವಾಗಾದ್ರೂ ನಿದ್ದೆ ಇಲ್ಲದೆಯೂ ಸುಸ್ತಾಗದೆ, ದಿನಗಟ್ಟಲೆ ವಿಪರೀತ ಹುರುಪು, ಮಾತು, ಖರ್ಚು ಇತ್ತಾ? ಇದ್ರೆ ಡಾಕ್ಟರ್‌ಗೆ ಹೇಳಲೇಬೇಕು. ಗೆಳೆಯರ ಚೀಟಿ ನೋಡಿ ಅದೇ ಮಾತ್ರೆ ತಗೊಳ್ಳೋದಂತೂ ಬೇಡವೇ ಬೇಡ.

ಹೋಗೋ ಮುಂಚೆ ಫೋನಲ್ಲಿ ಬರೆದಿಟ್ಕೊಳ್ಳಿ

ಯಾವಾಗ ಶುರುವಾಯ್ತು, ನಿದ್ದೆ ಹೇಗಿದೆ, ಊಟ ಹೇಗಿದೆ, ಕಾಲೇಜು ಅಥವಾ ಕೆಲಸ ಎಷ್ಟು ದಿನ ತಪ್ಪಿದೆ, ಮನೆಯಲ್ಲಿ ಯಾರಿಗಾದ್ರೂ ಇತ್ತಾ, ಯಾವ ಮಾತ್ರೆ ತಗೊಳ್ತಿದ್ದೀರಿ, ಕುಡಿತ ಇದೆಯಾ. ಮುಚ್ಚಿಡದೆ ಹೇಳಿ. ಆಮೇಲೆ ನೀವೂ ಕೇಳಿ: “ಇದಕ್ಕೆ ಏನಂತಾರೆ ಸರ್? ಬೇರೆ ಏನಾದ್ರೂ ಇರಬಹುದಾ? ಮತ್ತೆ ಯಾವಾಗ ಬರಲಿ?” ಹೆಸರು ಮುಂದೆ ಬದಲಾಗಬಹುದು. ಸಮಯ ಕಳೆದಂತೆ ಚಿತ್ರ ಸ್ಪಷ್ಟವಾಗುತ್ತೆ, ಅಷ್ಟೇ.

ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆಗ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅಂದ್ರೆ ನೂರು ಜನ ಇರೋ ಆಫೀಸಲ್ಲಿ ಸುಮಾರು ಹತ್ತು ಜನ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಅದಕ್ಕೇ ಒಂದು ನಂಬರ್ ಸೇವ್ ಮಾಡ್ಕೊಳ್ಳಿ: 14416, ಸರ್ಕಾರದ ಟೆಲಿ-ಮನಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನೋ ಯೋಚನೆ ಬರ್ತಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಈಗಲೇ ಫೋನ್ ಮಾಡಿ, ಜೊತೆಗೆ ಹತ್ತಿರ ಇರೋ ಯಾರಿಗಾದ್ರೂ ಹೇಳಿ.

ಮುಂದಿನ ಎಪಿಸೋಡ್‌ನಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಕೌನ್ಸೆಲರ್ ಮೂವರಲ್ಲಿ ಯಾರ ಹತ್ರ ಯಾವಾಗ ಹೋಗಬೇಕು ಅಂತ ನೋಡೋಣ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳಬೇಕಿಲ್ಲ. ಸಿಗೋಣ.