ಶ್ವಾಸಕೋಶದ ದೀರ್ಘಕಾಲಿಕ ರೋಗಕ್ಕೆ ಡಿ ಜೀವಸತ್ವ: ಪ್ರಯೋಜನವೆಷ್ಟು?



ಬಹುಕಾಲದಿಂದ ಕೆಮ್ಮು, ಕಫ, ಏದುಸಿರುಗಳಿಂದ ಬಳಲುತ್ತಿರುವ ಹಿರಿಯರು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಡಿ ಜೀವಸತ್ವವನ್ನು ಸೇವಿಸಿದರೆ ಶ್ವಾಸಕೋಶದ ರೋಗ ಮುಂದುವರಿಯದೆ ನಿಲ್ಲುವುದೇ ಎಂಬುದೇ ಆ ಪ್ರಶ್ನೆ. ಆ ಮಾತ್ರೆಯನ್ನೇ ನಂಬಿ ವೈದ್ಯರು ಕೊಟ್ಟ ಇನ್‌ಹೇಲರನ್ನು ಬದಿಗಿರಿಸುವವರೂ ಉಂಟು. ಆದ್ದರಿಂದ ಈ ವಿಷಯದಲ್ಲಿ ವೈದ್ಯವಿಜ್ಞಾನ ಕಂಡುಕೊಂಡಿರುವುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ವೈದ್ಯರು ಸಿಒಪಿಡಿ ಎಂದು ಕರೆಯುವ ಈ ರೋಗದಲ್ಲಿ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ. ಶ್ವಾಸಕೋಶದೊಳಗಿನ ಸೂಕ್ಷ್ಮ ಗಾಳಿಚೀಲಗಳ ಗೋಡೆಗಳು ನಾಶವಾಗುತ್ತವೆ. ಹಾಗೆ ನಾಶವಾದುದು ಮರಳಿ ಬೆಳೆಯುವುದಿಲ್ಲ. ಬೀಡಿ, ಸಿಗರೇಟುಗಳ ಹೊಗೆ ಇದರ ಮುಖ್ಯ ಕಾರಣ. ಆದರೆ ಎಂದೂ ಬೀಡಿ ಮುಟ್ಟದ ತಾಯಂದಿರನ್ನೂ ಇದು ಬಿಟ್ಟಿಲ್ಲ. ಅವರಿಗೆ ಸೌದೆ, ಬೆರಣಿಗಳ ಒಲೆಯ ಹೊಗೆಯೇ ಕಂಟಕ. ಮೈಸೂರು ಮತ್ತು ನಂಜನಗೂಡು ಭಾಗದ ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳ ಸಂಖ್ಯೆಯಿಂದ ಗುಣಿಸಿ ನೋಡಿತು. ಆ ಲೆಕ್ಕ 60 ಮುಟ್ಟಿದರೆ ದೀರ್ಘಕಾಲಿಕ ಕಫದ ಕೆಮ್ಮಿನ ಸಂಭವ ಹೆಚ್ಚುವುದೆಂದು ಕಂಡುಬಂದಿತು. ದಿನಕ್ಕೆ 4 ಗಂಟೆಯಂತೆ 15 ವರ್ಷ ಅಡುಗೆ ಮಾಡಿದರೆ ಆ ಗಡಿ ಮುಟ್ಟಿದಂತೆಯೇ.

ಇನ್ನು ಡಿ ಜೀವಸತ್ವದ ವಿಚಾರ. ಬಿಸಿಲಿನ ನೇರಳಾತೀತ ಕಿರಣಗಳು ಸೋಕಿದಾಗ ನಮ್ಮ ಚರ್ಮದಲ್ಲಿ ಇದು ಉತ್ಪತ್ತಿಯಾಗುತ್ತದೆ. ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ರೂಪಾಂತರಗೊಂಡು ಕಾರ್ಯೋನ್ಮುಖವಾಗುತ್ತದೆ. ಎಲುಬುಗಳ ಬಲಕ್ಕೆ ಇದು ಅವಶ್ಯ. ಸೋಂಕಿನ ವಿರುದ್ಧ ಹೋರಾಡುವ ರಕ್ಷಕ ಕಣಗಳಿಗೂ ನೆರವಾಗುತ್ತದೆ. ಶ್ವಾಸಕೋಶದ ರೋಗಿಗಳಲ್ಲಿ ಇದರ ಕೊರತೆ ಹೆಚ್ಚಾಗಿ ಕಂಡುಬರುವುದು ನಿಜ. ಆದರೆ ಕೊರತೆಯಿಂದ ರೋಗವೋ, ರೋಗದಿಂದ ಕೊರತೆಯೋ ಎಂಬುದನ್ನು ವಿಚಾರಿಸಬೇಕು. ನಾಲ್ಕು ಹೆಜ್ಜೆಗೆ ದಮ್ಮು ಹತ್ತುವವರು ಮನೆಯೊಳಗೇ ಉಳಿಯುತ್ತಾರೆ. ಬಿಸಿಲು ಸೋಕುವುದಿಲ್ಲ, ಊಟವೂ ಸೇರುವುದಿಲ್ಲ. ವಯಸ್ಸಾದ ಚರ್ಮಕ್ಕೆ ಇದನ್ನು ತಯಾರಿಸುವ ಶಕ್ತಿಯೂ ಕಡಿಮೆ.

ಇದನ್ನು ಪರೀಕ್ಷಿಸಲೆಂದೇ ಹಲವು ಪ್ರಯೋಗಗಳು ನಡೆದಿವೆ. 2012ರಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಪ್ರಯೋಗದಲ್ಲಿ 182 ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ಒಂದು ವರ್ಷ ಕಾಲ 4 ವಾರಗಳಿಗೊಮ್ಮೆ 1 ಲಕ್ಷ ಯೂನಿಟ್ ಡಿ ಜೀವಸತ್ವವನ್ನೂ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮದ್ದನ್ನೂ ನೀಡಲಾಯಿತು. ಒಟ್ಟಾರೆ ನೋಡಿದಾಗ ರೋಗ ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾಗಲಿಲ್ಲ. ಆದರೆ ರಕ್ತದಲ್ಲಿ ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತಲೂ ಕಡಿಮೆ ಇದ್ದವರಲ್ಲಿ ಅವು ತಗ್ಗಿದವು. ಹಲವು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆಯೂ ಇದನ್ನೇ ಹೇಳಿತು. ನೆದರ್ಲೆಂಡ್ಸ್‌ನಲ್ಲಿ ಕೊರತೆಯುಳ್ಳವರನ್ನೇ ಆರಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರ ಪ್ರಯೋಜನ ಕಾಣಲಿಲ್ಲ. ಆದರೆ ಅಲ್ಲಿ ತೀವ್ರ ಕೊರತೆಯವರು ಮಾತ್ರವಲ್ಲದೆ ಸಾಧಾರಣ ಕೊರತೆಯವರೂ ಇದ್ದರು.

ಇದರಿಂದ ತಿಳಿಯಬೇಕಾದುದು ಇಷ್ಟೇ: ತೀವ್ರ ಕೊರತೆಯನ್ನು ನೀಗಿಸಬೇಕು, ಕೊರತೆಯಿಲ್ಲದವರಿಗೆ ಈ ಮಾತ್ರೆ ಶ್ವಾಸಕೋಶದ ಮದ್ದಲ್ಲ. ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರಲ್ಲಿ ತೀವ್ರ ಕೊರತೆಯಿದೆಯೇ ಎಂದು ಪರೀಕ್ಷಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಸ್ಟಿರಾಯ್ಡ್ ಮಾತ್ರೆಗಳನ್ನು ಪದೇ ಪದೇ ಸೇವಿಸುವವರ ಎಲುಬು ಸವೆಯುವುದರಿಂದ, ಅವರು ಈ ಬಗ್ಗೆ ವೈದ್ಯರನ್ನು ವಿಚಾರಿಸುವುದು ಒಳಿತು. ಆದರೆ 60,000 ಯೂನಿಟ್ಟಿನ ಮಾತ್ರೆಯನ್ನು ತಾವಾಗಿಯೇ ತಿಂಗಳುಗಟ್ಟಲೆ ನುಂಗುವುದು ತರವಲ್ಲ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಮೂತ್ರಪಿಂಡಕ್ಕೆ ಹಾನಿ ಉಂಟಾಗಬಹುದು.

ಹಾಗಾದರೆ ರೋಗದ ಓಟವನ್ನು ತಡೆಯುವುದು ಯಾವುದು? ಅಮೆರಿಕ ಮತ್ತು ಕೆನಡಾಗಳಲ್ಲಿ 11 ವರ್ಷ ನಡೆದ ಅಧ್ಯಯನದ ಉತ್ತರ ಸ್ಪಷ್ಟವಾಗಿದೆ. ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಉಸಿರಿನ ಪ್ರಮಾಣವು, ಧೂಮಪಾನ ಮುಂದುವರಿಸಿದ ಪುರುಷರಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಕುಗ್ಗಿತು. ತ್ಯಜಿಸಿದವರಲ್ಲಿ ಸುಮಾರು 30 ಮಾತ್ರ. ಯಾವ ಮಾತ್ರೆಯೂ ಇದಕ್ಕೆ ಸಾಟಿಯಲ್ಲ.

ಆದುದರಿಂದ ಬೀಡಿ, ಸಿಗರೇಟುಗಳನ್ನು ಇಂದೇ ತ್ಯಜಿಸಿರಿ. ಅಡುಗೆಮನೆಯಿಂದ ಹೊಗೆಯನ್ನು ಹೊರಗಟ್ಟಿರಿ. ಗ್ಯಾಸ್ ಸಿಲಿಂಡರ್ ಇದ್ದೂ ಉಳಿತಾಯಕ್ಕೆಂದು ಸೌದೆ ಉರಿಸುವ ಮನೆಗಳಲ್ಲಿ ಅದರ ಬೆಲೆಯನ್ನು ತಾಯಿಯ ಉಸಿರು ತೆರುತ್ತದೆ. ಇನ್‌ಹೇಲರನ್ನು ವೈದ್ಯರು ಹೇಳಿದಂತೆ ತಪ್ಪದೆ ಬಳಸಿರಿ. ಶಕ್ತಿಯಿದ್ದಷ್ಟು ನಡೆಯಿರಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿರಿ. ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಕೆಮ್ಮು, ಏದುಸಿರು ಇದ್ದರೆ ವಯೋಸಹಜವೆಂದು ಸುಮ್ಮನಾಗದೆ ಉಸಿರಿನ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿರಿ ಎಂಬುದು ನಮ್ಮ ಕಳಕಳಿಯ ವಿನಂತಿ.