ವಿಜಯೆಯೋ ಮಾದಿನಿಯೋ?

ನಮ್ಮ ನಾರಾಯಣಪುರದ ಅಣೆಕಟ್ಟನ್ನು ದಾಟಿದ ಕೃಷ್ಣೆಯು ಕೆಳಗಡೆ ತಿಂಥಣಿಯ ಮೌನೇಶ್ವರನ ಸನ್ನಿಧಿಯನ್ನು ಹಾದುಹೋಗುವಳು. ಅಲ್ಲಿ ಜಾತ್ರೆಯ ಕಾಲಕ್ಕೆ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ವಾಡಿಕೆಯನ್ನು 2020ರಲ್ಲಿ ಪತ್ರಿಕೆಗಳು ಬರೆದುವಷ್ಟೆ. ಭಕ್ತಿಯ ಆ ವಿಷಯವು ಹಾಗಿರಲಿ. ನಾವು ಹೇಳಹೊರಟಿರುವುದು ಔಷಧದ ಮಾತು.

ಈಚೆಗೆ ನಮ್ಮ ನೆರೆಯ ಗೃಹಿಣಿಯೊಬ್ಬರು ಯಾರೋ ಕೊಟ್ಟ ಗಾಂಜಾದ ಪೊಟ್ಟಣವನ್ನು ತೋರಿಸಿ, “ಮಾಸ್ತರ, ನೀವು ಸಂಸ್ಕೃತ ಓದಿದವರು. ಇದರಿಂದ ನನ್ನ ಮೈಬ್ಯಾನಿ ಹೋಗ್ತದೇನ್ರಿ?” ಎಂದು ಕೇಳಿದರು. ಆರು ವರ್ಷಗಳಿಂದ ಅವರಿಗೆ ಸರ್ವಾಂಗದಲ್ಲಿಯೂ ನೋವು. ಮಲಗೆದ್ದರೂ ಆಯಾಸವು ನೀಗದು. ರಕ್ತಪರೀಕ್ಷೆಯಲ್ಲಿ ದೋಷವೇನೂ ಕಾಣದ್ದರಿಂದ ಮನೆಯವರು ಅದನ್ನು ಸೋಗೆಂದೇ ಬಗೆದಿದ್ದರು. ಕಡೆಗೆ ವೈದ್ಯರು ಫೈಬ್ರೊಮಯಾಲ್ಜಿಯ ಎಂದು ನಿರ್ಣಯಿಸಿದರು. ನರಮಂಡಲವು ನೋವನ್ನು ಹಿಗ್ಗಿಸಿ ಗ್ರಹಿಸುವ ಈ ವ್ಯಾಧಿಯು ಸುಳ್ಳಲ್ಲ, ಸ್ತ್ರೀಯರಲ್ಲಿಯೇ ಹೆಚ್ಚು.

ನಮ್ಮ ವೈದ್ಯಗ್ರಂಥಗಳು ಭಂಗಿಯನ್ನು ಅರಿಯವೆಂದಲ್ಲ. ಭಾವಪ್ರಕಾಶವು ಅದನ್ನು ವಿಜಯಾ ಎಂದೂ ಮಾದಿನೀ ಎಂದೂ ಕರೆದಿದೆ. ಗೆಲವನ್ನು ಕೊಡುವುದೂ ಅದೇ, ಮದವನ್ನೇರಿಸುವುದೂ ಅದೇ. 1992ರಲ್ಲಿ ವಿಜ್ಞಾನಿಗಳು ಭಂಗಿಯ ಸತ್ತ್ವದಂತೆ ವರ್ತಿಸುವ ದ್ರವ್ಯವೊಂದನ್ನು ಮಿದುಳಿನಲ್ಲಿಯೇ ಕಂಡು, ನಮ್ಮ ‘ಆನಂದ’ ಶಬ್ದದಿಂದ ಅದಕ್ಕೆ ಅನಂಡಮೈಡ್ ಎಂದು ಹೆಸರಿಟ್ಟರು. ಆದುದರಿಂದ ಆ ಗೃಹಿಣಿಯ ಆಸೆಯು ನಿರಾಧಾರವಲ್ಲ.

ಆದರೆ ಆಸೆಯೇ ಪ್ರಮಾಣವಾಗದು. 2008ರಲ್ಲಿ ಕೆನಡಾದಲ್ಲಿ ನಲವತ್ತು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಭಂಗಿಯ ಸತ್ತ್ವವನ್ನು ಹೋಲುವ ನಬಿಲೋನ್ ಎಂಬ ಕೃತಕ ಔಷಧದಿಂದ ನೋವು ಕೆಲಮಟ್ಟಿಗೆ ತಗ್ಗಿತು. 2016ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರಿಗೆ ದೊರೆತ ಯೋಗ್ಯ ಪರೀಕ್ಷೆಗಳು ಎರಡೇ. ಎರಡರಲ್ಲಿಯೂ ಸೇರಿ ಎಪ್ಪತ್ತೆರಡು ಮಂದಿ. ಇಷ್ಟರಿಂದ ಗುಣವು ಸಿದ್ಧವಾಗದೆಂದು ಅವರು ತೀರ್ಮಾನಿಸಿದರು. ತಲೆಸುತ್ತು, ಮಂಪರುಗಳು ಮಾತ್ರ ತಪ್ಪಲಿಲ್ಲ. ಅವು ಅಳೆದು ಕೊಟ್ಟ ಮಾತ್ರೆಗಳು; ಪೊಟ್ಟಣದ ಸೊಪ್ಪಿಗೆ ಅಳತೆಯೆಲ್ಲಿ?

ಕಾನೂನಿನ ಭಯವೂ ಉಂಟು. 1985ರ ಕಾಯಿದೆಯಂತೆ ಹೂತೆನೆಯಾದ ಗಾಂಜಾವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಬರಿಯ ಎಲೆಯು ಆ ವ್ಯಾಖ್ಯೆಯ ಹೊರಗಿದ್ದರೂ, ಅದು ಸೇರಿದ ಆಯುರ್ವೇದೌಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು.

ಪೊಟ್ಟಣವನ್ನು ಬಿಡಿರೆಂದೂ, ವೈದ್ಯರ ಮಾತಿನಂತೆ ದಿನವೂ ಸ್ವಲ್ಪಸ್ವಲ್ಪವಾಗಿ ನಡೆಯಿರೆಂದೂ ನಾವು ಆ ತಾಯಿಗೆ ಹೇಳಿದೆವು. ಈ ರೋಗಕ್ಕೆ ವ್ಯಾಯಾಮದಷ್ಟು ಬಲವಾದ ಸಮರ್ಥನೆಯು ಬೇರಾವ ಚಿಕಿತ್ಸೆಗೂ ದೊರೆತಿಲ್ಲ. ಬಳಿಕ ಅವರ ಯಜಮಾನರನ್ನು ಕರೆದು ಇನ್ನೊಂದು ಮಾತು ಹೇಳಿದೆವು: “ಆಕೆ ನೋಯುತ್ತದೆಂದಾಗ ಮೊದಲು ನಂಬಿರಿ.” ಅವರು ತಲೆತಗ್ಗಿಸಿದರು. ಆ ನಂಬಿಕೆಯು ಮನೆಯಲ್ಲಿ ಮೊದಲೇ ಇದ್ದಿದ್ದರೆ ಪೊಟ್ಟಣವು ಒಳಗೆ ಬರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.